ಟೊಮೆಟೊ ಒಳಗಿನ ಬೆಳಕು: ಸಿಮ್ಯುಲೇಶನ್ ಕೊಡುವ ಅಂಕಿಯನ್ನು ಓದುವುದು ಹೇಗೆ

ಕೋಲಾರದ ಎಪಿಎಂಸಿಗೆ ಬರುವ ಟೊಮೆಟೊ ಒಳಗೆ ಎಷ್ಟು ಹಣ್ಣಾಗಿದೆ ಅಂತ ಕತ್ತರಿಸದೆ ತಿಳಿಯಬೇಕಾದರೆ 670 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು ಒಳ್ಳೆಯ ಆಯ್ಕೆ. ಕಾಯಿಯಲ್ಲಿರುವ ಕ್ಲೋರೊಫಿಲ್ ಅದನ್ನು ಚೆನ್ನಾಗಿ ಹೀರುತ್ತದೆ, ಹಣ್ಣಾಗುತ್ತಾ ಹೋದಂತೆ ಆ ಹೀರಿಕೆ ಇಳಿಯುತ್ತದೆ. ಬೆಳಕು ಒಳಗೆ ಎಲ್ಲೆಲ್ಲಿ ಹರಡುತ್ತದೆ ಎಂದು ಲೆಕ್ಕ ಹಾಕಲು ಮಾಂಟೆ ಕಾರ್ಲೊ ಸಿಮ್ಯುಲೇಶನ್ ಇದೆ: ಲಕ್ಷಾಂತರ ಫೋಟಾನ್‌ಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಕಂಪ್ಯೂಟರಿನಲ್ಲಿ ಒಂದೊಂದಾಗಿ ಯಾದೃಚ್ಛಿಕ ದಾರಿಯಲ್ಲಿ ಓಡಿಸುವ ವಿಧಾನ. ಅದು ಕೊಡುವ ಬಣ್ಣದ ಚಿತ್ರ ನೋಡಲು ಚೆಂದ. ಆದರೆ ಪಕ್ಕದ ಪಟ್ಟಿಯಲ್ಲಿರುವ ಅಂಕಿ ಏನು ಹೇಳುತ್ತದೆ? ನಮ್ಮ ಓದಿನ ಗುಂಪಿನಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಇದೇ.

ಮೊದಲು ಒಂದು ಮಾತು: ಫೋಟಾನ್ ಸಂಖ್ಯೆ ಹೆಚ್ಚಿಸಿದರೆ ಬೆಳಕು ಹೆಚ್ಚುವುದಿಲ್ಲ. ನಾಲ್ಕು ಪಟ್ಟು ಫೋಟಾನ್ ಬಿಟ್ಟರೆ ಉತ್ತರದ ಏರಿಳಿತ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಲೆಕ್ಕದಲ್ಲಿ ಪ್ರತಿ ಫೋಟಾನ್ ಒಂದು ಪೊಟ್ಟಣ; ಅದು 1 ತೂಕದೊಂದಿಗೆ, ಅಂದರೆ 1 ಪಾಲು ಬೆಳಕಿನೊಂದಿಗೆ, ಹೊರಡುತ್ತದೆ. ಪ್ರತಿ ತಾಗುವಿಕೆಯಲ್ಲೂ ತೂಕದ ಒಂದು ಪಾಲನ್ನು ಆ ವೋಕ್ಸೆಲ್‌ನಲ್ಲಿ (ಹಣ್ಣನ್ನು ಲೆಕ್ಕಕ್ಕಾಗಿ ಹಂಚಿದ ಪುಟ್ಟ ಘನದಲ್ಲಿ) ಬಿಟ್ಟು ಮುಂದೆ ಹೋಗುತ್ತದೆ. ಹೀರಿಕೆ ಗುಣಾಂಕವನ್ನು (ಪ್ರತಿ ಮಿಮೀ ದಾರಿಗೆ ಬೆಳಕು ಎಷ್ಟು ಹೀರಲ್ಪಡುತ್ತದೆ ಎಂಬ ಅಂಕಿ) ಹೀರಿಕೆ, ಚದುರಿಕೆ ಎರಡೂ ಗುಣಾಂಕಗಳ ಮೊತ್ತದಿಂದ ಭಾಗಿಸಿದರೆ ಆ ಪಾಲು ಸಿಗುತ್ತದೆ.

ಈಗ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬಿಟ್ಟ ಫೋಟಾನ್ 10 ಲಕ್ಷ, ವೋಕ್ಸೆಲ್ 1 ಘನ ಮಿಮೀ, ಹೀರಿಕೆ ಗುಣಾಂಕ ಮಿಮೀಗೆ 0.02, ಫೋಟಾನ್‌ಗಳು ಅಲ್ಲಿ ಬಿಟ್ಟುಹೋದ ಒಟ್ಟು ತೂಕ 250. 250 ಅನ್ನು 10 ಲಕ್ಷದಿಂದ ಭಾಗಿಸಿದರೆ 0.00025. ವೋಕ್ಸೆಲ್ ಗಾತ್ರದಿಂದ ಭಾಗಿಸಿದರೂ ಅಷ್ಟೇ. ಹೀರಿದ ಬೆಳಕಿನಿಂದ ಅಲ್ಲಿದ್ದ ಬೆಳಕಿಗೆ ಬರಲು 0.02ರಿಂದ ಭಾಗಿಸಿದರೆ ಚದರ ಮಿಮೀಗೆ 0.0125. ಇದು ಬೆಳಕಿನ ಮೂಲ 1 ವಾಟ್ ಬಿಟ್ಟಾಗ ವಾಟ್ ಲೆಕ್ಕದ ಫ್ಲೂಯೆನ್ಸ್ ರೇಟ್, ಅಂದರೆ ಆ ಜಾಗಕ್ಕೆ ಎಲ್ಲ ದಿಕ್ಕಿನಿಂದ ಬರುವ ಬೆಳಕು. ಅಂದರೆ 1 ಮಿಲಿವಾಟ್‌ಗೆ 0.0125 ಮಿಲಿವಾಟ್. ನಿಮ್ಮ ಲೇಸರ್ 5 ಮಿಲಿವಾಟ್ ಆದರೆ 5ರಿಂದ ಗುಣಿಸಿ: ಚದರ ಮಿಮೀಗೆ 0.0625 ಮಿಲಿವಾಟ್.

ಹೀಗೆ ಎಣಿಕೆಯನ್ನು ಭಾಗಿಸಿ ನಿಜವಾದ ಅಳತೆಗೆ ತರುವುದೇ ನಾರ್ಮಲೈಸೇಶನ್. ಅದರ ಜೀವ ಇರುವುದು 10 ಲಕ್ಷ ಎಂಬ ಆ ಛೇದದಲ್ಲಿ. ಭಾಗಿಸಬೇಕಾದದ್ದು ಮೂಲದಿಂದ ಹೊರಟ ಎಲ್ಲ ಫೋಟಾನ್‌ಗಳಿಂದ. ಹಣ್ಣಿನೊಳಗೆ ಹೊಕ್ಕವುಗಳಿಂದ ಮಾತ್ರ ಅಲ್ಲ. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಮೂಲವನ್ನು ಸಿಪ್ಪೆಗೆ ತಾಗಿಸಿ ಇಟ್ಟರೆ ಸುಮಾರು ಅರ್ಧ ಫೋಟಾನ್‌ಗಳು ಗಾಳಿಗೇ ಹೋಗುತ್ತವೆ. ಅವನ್ನು ಎಣಿಕೆಯಿಂದ ಬಿಟ್ಟರೆ ಒಳಗಿನ ಬೆಳಕು ಇರುವುದಕ್ಕಿಂತ ಸುಮಾರು ಎರಡು ಪಟ್ಟು ಕಾಣುತ್ತದೆ. ಪವರ್ ಮೀಟರ್ ಎಲ್ಲಿ ಹಿಡಿದು ಅಳೆದಿರೋ, ಛೇದವೂ ಅಲ್ಲಿನದೇ ಆಗಿರಲಿ.

ಈ ಸಿಮ್ಯುಲೇಶನ್ ಮಾಡುವ ಎಂಸಿಎಕ್ಸ್ ಎಂಬ ಸಾಫ್ಟ್‌ವೇರ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಅದರ ಮಾಮೂಲಿ ಫಲಿತಾಂಶ ಪ್ರತಿ ಸೆಕೆಂಡಿನ ಲೆಕ್ಕದಲ್ಲಿ, ಸಮಯದ ತುಣುಕುಗಳಾಗಿ (ಕಾಲಖಂಡ) ಇರುತ್ತದೆ. ನಿರಂತರ ಬೆಳಕಿಗೆ ಬೇಕಾದ ಉತ್ತರಕ್ಕೆ ಪ್ರತಿ ಕಾಲಖಂಡದ ಮೌಲ್ಯವನ್ನು ಅದರ ಅವಧಿಯಿಂದ ಗುಣಿಸಿ ಎಲ್ಲವನ್ನೂ ಕೂಡಿಸಿ.

2 ಮಿಮೀ ತ್ರಿಜ್ಯದ ಕಿರಣದಲ್ಲಿ 5 ಮಿಲಿವಾಟ್ ಬಿದ್ದರೆ ಮೇಲ್ಮೈಯಲ್ಲಿ ಚದರ ಮಿಮೀಗೆ ಸುಮಾರು 0.4 ಮಿಲಿವಾಟ್. ಸಿಪ್ಪೆಯ ಕೆಳಗೇ ಇದಕ್ಕಿಂತ ಹೆಚ್ಚು ಬಂದರೆ ಗಾಬರಿ ಬೇಡ. ಮೇಲ್ಮೈ ಲೆಕ್ಕ ಹೊರಗಿಂದ ಬೀಳುವ ಬೆಳಕಿನದು. ಒಳಗಿನದು ಚದುರಿ ಹಿಂತಿರುಗುವ ಬೆಳಕನ್ನೂ ಸೇರಿಸಿ ಎಲ್ಲ ದಿಕ್ಕಿನದು. ನಿಜಕ್ಕೂ ಪರೀಕ್ಷಿಸಬೇಕಾದದ್ದು ಬೇರೆ: ಹೀರಿದ್ದು, ಪ್ರತಿಫಲಿಸಿದ್ದು, ಹಾಯ್ದು ಹೊರಬಿದ್ದದ್ದು ಸೇರಿ 1 ಆಗಬೇಕು.

ಹಣ್ಣಿನೊಳಗಿನ ಗಾಳಿಯ ಜಾಗದಲ್ಲಿ ಹೀರಿಕೆ ಸೊನ್ನೆ, ಹಾಗಾಗಿ ಮೇಲಿನ ಭಾಗಾಕಾರ ನಡೆಯುವುದಿಲ್ಲ. ಅಲ್ಲಿ ಪ್ರತಿ ಫೋಟಾನ್ ಸಾಗಿದ ದಾರಿಯ ಉದ್ದವನ್ನು ಅದರ ತೂಕದಿಂದ ಗುಣಿಸಿ ಕೂಡಿಸಿ, ಬಂದದ್ದನ್ನು ಒಟ್ಟು ಫೋಟಾನ್ ಸಂಖ್ಯೆಯಿಂದಲೂ ವೋಕ್ಸೆಲ್ ಗಾತ್ರದಿಂದಲೂ ಭಾಗಿಸಬೇಕು.