ದಾನದ ಸಂಶೋಧನೆಗೆ ಸುರಿಯುವ ದುಡ್ಡನ್ನು ದಾನವನ್ನೇ ಮಾಡಬಾರದೇ?

ಓದುಗರ ಪ್ರಶ್ನೆ: ಜನ ಯಾಕೆ ಕೊಡುತ್ತಾರೆ ಎಂದು ತಿಳಿಯಲು ವಿಶ್ವವಿದ್ಯಾಲಯಗಳಿಗೆ ಕೋಟಿಗಟ್ಟಲೆ ಹಣ ಕೊಡುತ್ತಾರಂತೆ. ಅದನ್ನೇ ಬಡವರಿಗೆ ಹಂಚಬಾರದೇ?

ಮೊತ್ತ ಸಣ್ಣದೇನಲ್ಲ, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. 2009ರಲ್ಲಿ ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಔದಾರ್ಯದ ಅಧ್ಯಯನಕ್ಕೆಂದೇ ಒಂದು ಯೋಜನೆ ಶುರುವಾಯಿತು. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಅದರ ಮುಖ್ಯಸ್ಥರಾಗಿದ್ದರು. ಜಾನ್ ಟೆಂಪಲ್‌ಟನ್ ಪ್ರತಿಷ್ಠಾನ ಅದಕ್ಕೆ 50 ಲಕ್ಷ ಡಾಲರ್ ಕೊಟ್ಟಿತು. ಅದರಲ್ಲೊಂದು ಪಾಲು, ಅರ್ಜಿ ಕರೆದು ಆರಿಸಿದ ಬೇರೆ ಕಡೆಯ ಸಂಶೋಧಕರಿಗೆ ಹೋಯಿತು.

ಸಂಬಳ, ಓಡಾಟ, ಸಮೀಕ್ಷೆಯ ಖರ್ಚು ಎಲ್ಲ ಸಂಶೋಧನೆಗೂ ಇದ್ದದ್ದೇ. ಈ ವಿಷಯಕ್ಕೆ ಇನ್ನೊಂದು ಖರ್ಚಿದೆ: ನಿಜವಾದ ನಗದು. ‘ನಿಮ್ಮದು ಕೊಡುಗೈಯೇ?’ ಎಂದು ಕೇಳಿದರೆ ಯಾರು ತಾನೇ ಇಲ್ಲ ಎಂದಾರು? ಕೈಯಲ್ಲಿ ದುಡ್ಡಿಟ್ಟು ನೋಡಿದಾಗಲೇ ಗೊತ್ತಾಗುವುದು.

ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಹಾಗೇ ಮಾಡಿದರು. ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ನೆರವಿನಿಂದ 15 ಸಣ್ಣ ಸಮುದಾಯಗಳಿಗೆ ಹೋಗಿ ಒಂದು ಆಟ ಆಡಿಸಿದರು. ಒಬ್ಬರ ಕೈಗೆ ಹಣ ಕೊಡುತ್ತಾರೆ. ಅವರು ಅದರಲ್ಲಿ ಇನ್ನೊಬ್ಬರಿಗೆ ಎಷ್ಟು ಎಂದು ಹೇಳಬೇಕು. ಆ ಇನ್ನೊಬ್ಬರು ಒಲ್ಲೆ ಎಂದರೆ ಇಬ್ಬರಿಗೂ ಏನೂ ಇಲ್ಲ. (ಒಲ್ಲೆ ಎಂದಾರೆಂಬ ಭಯವೂ ಇಲ್ಲಿ ಬೆರೆಯುತ್ತದೆ, ಹಾಗಾಗಿ ಇದನ್ನು ಶುದ್ಧ ಔದಾರ್ಯ ಎನ್ನಲಾರೆ.) ಪೆರುವಿನ ಮಾಚಿಗೆಂಗಾ ಜನ ಸರಾಸರಿ ಕಾಲು ಭಾಗ ಕೊಡಲು ಮುಂದಾದರೆ, ಇಂಡೊನೇಷ್ಯಾದ ಲಮಲೆರದವರು (ಅಲ್ಲಿ ಹಣದ ಬದಲು ಸಿಗರೇಟು ಇಟ್ಟು ಆಡಿಸಿದ್ದರು) ಅರ್ಧಕ್ಕಿಂತ ಹೆಚ್ಚು! ಲಮಲೆರದಲ್ಲಿ ತಿಮಿಂಗಿಲ ಬೇಟೆ ಒಬ್ಬರಿಂದಾಗದು. ಹತ್ತಾರು ಮಂದಿ ಸೇರಿ ಹಿಡಿಯಬೇಕು, ತಂದದ್ದನ್ನು ಪಾಲು ಹಾಕಬೇಕು. ನಿತ್ಯದ ಆ ರೂಢಿ ಆಟದಲ್ಲೂ ಕೈಗೆ ಬಂತು ಎಂದೇ ಸಂಶೋಧಕರು ಕಂಡರು.

ದಾನ ಕೇಳುವವರಿಗೆ ಇದರಿಂದ ನೇರ ಉಪಯೋಗವೂ ಇದೆ. ಡೀನ್ ಕಾರ್ಲನ್, ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಒಂದು ಸಂಸ್ಥೆಯ 50,000ಕ್ಕೂ ಹೆಚ್ಚು ಹಳೆಯ ದಾನಿಗಳಿಗೆ ಪತ್ರ ಕಳಿಸಿದರು. ಕೆಲವರ ಪತ್ರದಲ್ಲಿ ಬರೀ ಕೋರಿಕೆ. ಉಳಿದವರದರಲ್ಲಿ ‘ನೀವು ಕೊಟ್ಟಷ್ಟನ್ನೇ ಇನ್ನೊಬ್ಬ ದಾನಿ ಸೇರಿಸುತ್ತಾರೆ’, ಅಥವಾ ಎರಡರಷ್ಟು, ಮೂರರಷ್ಟು ಎಂದು ಬರೆದಿತ್ತು. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು: ಜೊತೆಗೆ ಸೇರಿಸುತ್ತೇವೆ ಎಂದದ್ದಕ್ಕೆ ಪ್ರತಿ ಪತ್ರದಿಂದ ಬಂದ ಹಣ ಶೇ. 19ರಷ್ಟು ಏರಿತು, ಮೂರರಷ್ಟು ಎಂದದ್ದರಿಂದ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಚಂದಾ ಎತ್ತಿ ಶಾಲೆ, ಆಸ್ಪತ್ರೆ ನಡೆಸುವವರಿಗೆ ಈ ಒಂದು ಮಾತು ಎಷ್ಟು ಬೆಲೆಬಾಳುವುದೆಂದು ಯೋಚಿಸಿ.

ನಮ್ಮ ದೇಶದ್ದೂ ಒಂದಿದೆ. ಬಡ ಮಕ್ಕಳಿಗೆ ಸೀಟು ಕಡ್ಡಾಯ ಮಾಡಿದ ಮೇಲೆ ದೆಹಲಿಯ ಖಾಸಗಿ ಶಾಲೆಗಳಲ್ಲಿ ಏನಾಯಿತೆಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಪರೀಕ್ಷಿಸಿದರು. ಬಡ ಸಹಪಾಠಿಗಳ ಜೊತೆ ಓದಿದ ಶ್ರೀಮಂತ ಮಕ್ಕಳು ಹೆಚ್ಚು ಧಾರಾಳಿಗಳಾದರು, ಭೇದ ಮಾಡುವುದೂ ಕಡಿಮೆಯಾಯಿತು. ನೀತಿ ಮಾಡುವವರ ಮೇಜಿನ ಮೇಲೆ ಇರಬೇಕಾದ ವಿಷಯ ಇದು.

ಹಣ ಯಾರದು ಎಂಬುದನ್ನೂ ಕೇಳಲೇಬೇಕು. ಟೆಂಪಲ್‌ಟನ್‌ನಂತೆ ಧರ್ಮ, ಸದ್ಗುಣಗಳಲ್ಲಿ ಆಸಕ್ತಿಯಿರುವ ಪ್ರತಿಷ್ಠಾನ ಹಣ ಕೊಟ್ಟರೆ ಪ್ರಶ್ನೆಗಳೂ ಆ ಕಡೆಗೇ ವಾಲಬಹುದು. ಅದಕ್ಕೇ ಅಧ್ಯಯನ ಓದುವಾಗ ನಾನು ಮೊದಲು ನೋಡುವುದು ಅನುದಾನದ ಸಾಲು. ನನಗೆ ಆಸೆಯಿರುವುದು ಇಲ್ಲಿನ ಪ್ರಶ್ನೆಗಳಿಗೂ ಇಲ್ಲಿಯೇ ಹಣ ಸಿಗಲಿ ಎಂದು. ಹುಂಡಿಗೆ ಹಾಕಿದ್ದಕ್ಕೆ ರಸೀದಿಯಿಲ್ಲ, ಅದನ್ನು ಲೆಕ್ಕ ಹಿಡಿಯುವುದು ಹೇಗೆ? ಮದುವೆ ಮನೆಯ ಬಾಗಿಲಲ್ಲಿ ನೋಟ್‌ಬುಕ್ ಇಟ್ಟು, ಹೆಸರು, ಊರು, ಮೊತ್ತ ಬರೆದುಕೊಳ್ಳುವ ಮುಯ್ಯಿ, ಕೊಡುಗೆಯೋ ಸಾಲವೋ?