ಹಳೆಯ ಕಾರ್ಡಿನ ವಿಳಾಸವನ್ನು ವಿಂಡೋಸ್‌ಗೆ ನಾವೇ ತಿಳಿಸಬೇಕು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಳತೆ ಯಂತ್ರಕ್ಕೆ ಜೋಡಿಸಿದ್ದ ವಿಂಡೋಸ್ 98 ಕಂಪ್ಯೂಟರಿಗೆ ನೆಟ್‌ವರ್ಕ್ ಕಾರ್ಡು ಹಾಕಿದ ದಿನದಿಂದ 25 ಮಿ.ಮೀ. ಸ್ಲಿಪ್ ಗೇಜು (ನಿಖರ ಅಳತೆಯ ಲೋಹದ ತುಂಡು) ಇಟ್ಟರೂ ಪರದೆಯ ಮೇಲೆ ಅಂಕಿಗಳು ಒಂದೆಡೆ ನಿಲ್ಲುತ್ತಿರಲಿಲ್ಲ. ಅಳತೆಯ ಕಾರ್ಡೇ ಕೆಟ್ಟಿದೆಯೆಂದು ಭಾವಿಸಿ, ಅಂಥದೇ ಇನ್ನೊಂದಕ್ಕಾಗಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯನ್ನೆಲ್ಲ ಹುಡುಕಿ ಬಂದಿದ್ದರು. ನೆಟ್‌ವರ್ಕ್ ಕಾರ್ಡನ್ನು ಕಿತ್ತು ನೋಡಿದೆ, ಅಳತೆ ಸರಿಯಾಯಿತು.

ಅಳತೆಯ ಕಾರ್ಡು ಐಎಸ್‌ಎ ಎಂಬ ಹಳೆಯ ಸ್ಲಾಟಿನ ಮಾದರಿಯದು. ಅದರ ವಿಳಾಸವನ್ನು, ಅಂದರೆ ಪ್ರೊಸೆಸರ್ ಅದನ್ನು ಮಾತಾಡಿಸುವ ಪೋರ್ಟ್ ಸಂಖ್ಯೆಯನ್ನು, ಪುಟ್ಟ ಸ್ವಿಚ್ಚುಗಳಿಂದ ಹೆಕ್ಸ್ (16ರ ಆಧಾರದ ಎಣಿಕೆ) 300ಕ್ಕೆ ನಿಗದಿ ಮಾಡಲಾಗಿತ್ತು, ಅದನ್ನು ನಡೆಸುತ್ತಿದ್ದುದು ಡಾಸ್ ಪ್ರೋಗ್ರಾಮು. ಪ್ಲಗ್ ಅಂಡ್ ಪ್ಲೇ ಕಾರ್ಡು ತನ್ನ ಇರವನ್ನು ತಾನೇ ಹೇಳಿಕೊಳ್ಳುತ್ತದೆ, ಇದು ಹೇಳಿಕೊಳ್ಳುವುದಿಲ್ಲ; ವಿಂಡೋಸ್‌ಗೆ ಅದನ್ನು ಪರಿಚಯಿಸುವ ಡ್ರೈವರೂ ಇಲ್ಲದ್ದರಿಂದ ವಿಂಡೋಸ್ 300 ಖಾಲಿಯಿದೆಯೆಂದೇ ತಿಳಿದು, ಅದನ್ನು ಹೊಸ ಕಾರ್ಡಿಗೆ ಕೊಟ್ಟಿತ್ತು. ಪ್ರೊಸೆಸರ್ ಆ ವಿಳಾಸವನ್ನು ಓದಿದಾಗ ಎರಡೂ ಕಾರ್ಡುಗಳು ಒಟ್ಟಿಗೆ ಉತ್ತರಿಸಿ, ಕಾರ್ಡುಗಳನ್ನು ಪ್ರೊಸೆಸರಿಗೆ ಜೋಡಿಸುವ ಸಾಮಾನ್ಯ ತಂತಿಗಳ (ಬಸ್) ಮೇಲೆ ಬಿಟ್‌ಗಳು ಕಲಸಿಹೋಗುತ್ತಿದ್ದವು. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಆಶ್ಚರ್ಯಸೂಚಕ ಚಿಹ್ನೆ ಕಾಣದ್ದರಿಂದ ಸಂಘರ್ಷವಿಲ್ಲವೆಂದು ಎಲ್ಲರೂ ನಂಬಿದ್ದರು. ಆದರೆ ವಿಂಡೋಸ್ ತನಗೆ ಗೊತ್ತಿರುವ ಸಾಧನಗಳ ನಡುವಿನ ಘರ್ಷಣೆಯನ್ನಷ್ಟೇ ತೋರಿಸಬಲ್ಲದು.

ವಿಳಾಸದ ಆರಂಭವನ್ನಷ್ಟೇ ನೋಡಿದರೂ ಸಾಲದು. ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡು ಸಾಲಾಗಿ 32 ಪೋರ್ಟ್ ವಿಳಾಸಗಳನ್ನು ಹಿಡಿಯುವುದರಿಂದ, ಅದನ್ನು ಹೆಕ್ಸ್ 360ರಲ್ಲಿಟ್ಟರೆ 378ರಲ್ಲಿರುವ ಪ್ರಿಂಟರ್ ಪೋರ್ಟೂ ಅದರ ವ್ಯಾಪ್ತಿಯೊಳಗೆ ಬೀಳುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ 'ಕಂಪ್ಯೂಟರ್' ಎಂಬುದರ ಪ್ರಾಪರ್ಟೀಸ್ ತೆರೆದು, 'ರಿಸರ್ವ್ ರಿಸೋರ್ಸಸ್' ಪುಟದಲ್ಲಿ ಅಳತೆಯ ಕಾರ್ಡಿನ ಪೂರ್ತಿ ವಿಳಾಸ ವ್ಯಾಪ್ತಿಯನ್ನು ಕಾಯ್ದಿರಿಸಿದೆ. ಮರುಚಾಲನೆಯಾದಾಗ ನೆಟ್‌ವರ್ಕ್ ಕಾರ್ಡು ಬೇರೆ ವಿಳಾಸಕ್ಕೆ ಸರಿಯಿತು, ಗೇಜಿಟ್ಟಾಗ 25.000 ನಿಂತಿತು. ಅಳತೆಯ ಕಾರ್ಡು ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ಬಳಸುವುದಾದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿಯೂ ಆ ಇಂಟರಪ್ಟಿನ ಸಂಖ್ಯೆಯನ್ನು (ಐಆರ್‌ಕ್ಯೂ) 'ಲೆಗಸಿ ಐಎಸ್‌ಎ' ಎಂದು ಗುರುತಿಸಬೇಕು, ಏಕೆಂದರೆ ಐಎಸ್‌ಎಗಿಂತ ಹೊಸ ಮಾದರಿಯ ಪಿಸಿಐ ಕಾರ್ಡುಗಳು ಇಂಟರಪ್ಟ್ ಹಂಚಿಕೊಳ್ಳಬಲ್ಲವು, ಐಎಸ್‌ಎ ಕಾರ್ಡುಗಳು ಹಂಚಿಕೊಳ್ಳಲಾರವು.

ವಿಂಡೋಸನ್ನು ಹೊಸದಾಗಿ ಹಾಕಿದರೆ ಕಾಯ್ದಿರಿಸಿದ್ದು ಅಳಿಯುತ್ತದೆ. ಮದರ್‌ಬೋರ್ಡಿನ ಸೆಲ್ ಸತ್ತರೆ ಬಯಾಸ್‌ನ ಗುರುತೂ ಹೋಗುತ್ತದೆ. ಆದ್ದರಿಂದ ವಿಳಾಸ, ಐಆರ್‌ಕ್ಯೂ ಮತ್ತು ಸ್ವಿಚ್ಚುಗಳ ಸ್ಥಾನವನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಮುಚ್ಚಳದ ಒಳಬದಿಗೆ ಅಂಟಿಸಿ ಬಂದೆ.