ಸೈಕಲ್ ತುಳಿದು ಮನೆಗೆ ಕರೆಂಟ್ ಮಾಡ್ಕೋಬಹುದಾ?

ಪ್ರಶ್ನೆ: ದಿನಾ ಆಫೀಸಿಗೆ ಸೈಕಲ್‌ನಲ್ಲಿ ಹೋಗ್ತೀನಿ, ಒಂದು ಕಡೆಗೆ 10 ಕಿಲೋಮೀಟರ್. ಚಕ್ರ ಹೇಗೂ ತಿರುಗುತ್ತೆ. ಅದರಿಂದ ಕರೆಂಟ್ ತೆಗೆದು ಬ್ಯಾಟರಿಗೆ ತುಂಬಿ ಮನೆಗೆ ಬಳಸಬಹುದಲ್ವಾ?

ತೆಗೆಯೋದೇನೋ ತೆಗೆಯಬಹುದು. ಎಷ್ಟು ಸಿಗುತ್ತೆ ಅಂತ ನೋಡೋಣ. ಹಳೇ ಸೈಕಲ್‌ಗಳಲ್ಲಿ ಟೈರಿಗೆ ಒತ್ತಿಕೊಂಡು ತಿರುಗೋ ಡೈನಮೋ ಇರ್ತಿತ್ತಲ್ಲ, ಅದು 6 ವೋಲ್ಟ್, 3 ವ್ಯಾಟ್. ಚಕ್ರದ ನಡುವೆಯೇ ಕೂರುವ ಈಗಿನ ಹಬ್ ಡೈನಮೋ ಕೂಡ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತದೆ. ಹತ್ತು ಕಿಲೋಮೀಟರಿಗೆ 40 ನಿಮಿಷ ಅಂದುಕೊಳ್ಳಿ. ಸಿಗೋದು 2 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ಗಂಟೆ ಪೂರ್ತಿ ಸಿಕ್ಕರೆ ಒಂದು ವ್ಯಾಟ್-ಅವರ್). ಹೋಗಿ ಬಂದರೆ 4. ನಿಮ್ಮ ಫೋನಿನ ಬ್ಯಾಟರಿ 5000 ಎಂಎಎಚ್ ಇದ್ದರೆ ಅದು ತುಂಬೋಕೆ ಸುಮಾರು 19 ಬೇಕು. ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ತುಳಿದರೆ ಒಂದು ಸಲ ಫೋನ್ ಚಾರ್ಜ್, ಅದೂ ದಾರೀಲಿ ಸೋರಿಹೋಗೋದನ್ನ ಲೆಕ್ಕಕ್ಕೆ ಹಿಡಿಯದೆ! ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅಷ್ಟಾಗೋಕೆ 250 ದಿನ ಬೇಕು. ವರ್ಷಪೂರ್ತಿ ಆಫೀಸಿಗೆ ತುಳಿದು ಒಂದು ಗಂಟೆ ಇಸ್ತ್ರಿ ಮಾಡ್ಕೋಬಹುದು, ಅಷ್ಟೇ.

ದೊಡ್ಡ ಡೈನಮೋ ಹಾಕಿದ್ರೆ? ಎಡವೋದು ಇಲ್ಲೇ, ‘ಚಕ್ರ ಹೇಗೂ ತಿರುಗುತ್ತೆ’ ಅನ್ನೋ ಮಾತಲ್ಲೇ. ಚಕ್ರ ತಾನಾಗಿ ತಿರುಗಲ್ಲ, ನಿಮ್ಮ ಕಾಲು ತಿರುಗಿಸುತ್ತದೆ. ಸಾಮಾನ್ಯ ಮನುಷ್ಯ ಒಂದೇ ಸಮ ತುಳಿದರೆ ಹೊರಬರೋದು 75ರಿಂದ 100 ವ್ಯಾಟ್. ಅದರಲ್ಲಿ ಬಹುಪಾಲು ಗಾಳಿಯನ್ನ ಸೀಳೋಕೆ, ಟೈರು ಉರುಳಿಸೋಕೆ ಹೋಗುತ್ತದೆ. ರಾತ್ರಿ ಹೊತ್ತು ಡೈನಮೋ ಒತ್ತಿದ ಕೂಡಲೇ ಪೆಡಲು ಭಾರ ಆಗ್ತಿದ್ದದ್ದು ಹಳಬರಿಗೆ ನೆನಪಿರಬಹುದು. ಜಾಸ್ತಿ ಕರೆಂಟ್ ಬೇಕಂದ್ರೆ ಜಾಸ್ತಿ ಬೆವರು, ಜಾಸ್ತಿ ಊಟ.

ಬ್ರೇಕ್ ಹಿಡಿದಾಗ ಹಾಳಾಗೋ ಶಕ್ತಿ ಹಿಡಿಯೋಣ ಅಂತಲೂ ಕೆಲವರು ಕೇಳ್ತಾರೆ. ಸೈಕಲ್ ಸೇರಿ 80 ಕೆಜಿ, ವೇಗ ಗಂಟೆಗೆ 20 ಕಿಲೋಮೀಟರ್ ಇದ್ದರೆ ಒಂದು ಸಲ ನಿಂತಾಗ ಸಿಗಬಹುದಾದದ್ದು ಹೆಚ್ಚೆಂದರೆ 0.34 ವ್ಯಾಟ್-ಅವರ್. ಬಿಡಿ.

ನನಗೆ ಕೇಳಿದ್ರೆ ನಿಮ್ಮ ಸೈಕಲ್ ಮಾಡ್ತಿರೋ ದೊಡ್ಡ ಕೆಲಸ ಬೇರೇನೇ ಇದೆ. ಅದೇ 20 ಕಿಲೋಮೀಟರನ್ನ ಲೀಟರಿಗೆ 50 ಕೊಡೋ ಸ್ಕೂಟರಿನಲ್ಲಿ ಹೋಗಿದ್ರೆ 400 ಎಂಎಲ್ ಪೆಟ್ರೋಲ್ ಉರಿಯುತ್ತಿತ್ತು. ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಅಂದರೆ ದಿನಕ್ಕೆ ಮೂರೂವರೆ ಯೂನಿಟ್ಟಿನಷ್ಟು ಶಕ್ತಿ ನೀವು ಸುಮ್ನೆ ಉಳಿಸ್ತಿದೀರಿ, ಜೊತೆಗೆ ಮುಕ್ಕಾಲು ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಕೂಡ. ಡೈನಮೋ ಕೊಡೋದರ ಸುಮಾರು 900 ಪಟ್ಟು!

ಮನೆಗೆ ಕರೆಂಟ್ ಬೇಕಂದ್ರೆ ಛಾವಣಿ ನೋಡಿ, ಒಂದು ಕಿಲೋವ್ಯಾಟ್ ಸೋಲಾರ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಡೈನಮೋ ಹಾಕಿಸೋದಾದ್ರೆ ದೀಪಕ್ಕೆ ಹಾಕಿಸಿ. 3 ವ್ಯಾಟ್ ಎಲ್ಇಡಿಗೆ ಧಾರಾಳ. ಸಿಗ್ನಲ್ಲಿನಲ್ಲಿ ಕಾಲೂರಿದ ತಕ್ಷಣ ಕತ್ತಲಾಗ್ತಿದ್ದ ಹಳೇ ಕಾಟವೂ ಈಗಿನ ಒಳ್ಳೇ ದೀಪಗಳಲ್ಲಿ ಇಲ್ಲ, ಒಳಗಿನ ಕೆಪಾಸಿಟರ್ ಕೆಲವು ನಿಮಿಷ ಬೆಳಕು ಉಳಿಸಿಕೊಡುತ್ತದೆ.